ಬಾಯಿ ಕಟ್ಟಿದವನು

ನಿನ್ನೆ ಬಲೆಗೆ ಬಿದ್ದ ಹನ್ನೊಂದರಲ್ಲಿ
ಒಬ್ಬನ ಗದ್ದ ಊದಿತ್ತು.
ಹಲ್ಲುನೋವಿನವನ ಹಾಗೆ ಬಾಯಿ ಬಿಗಿದು
ಬಕೆಟ್ಟಿನ ಅಂಚು ಹಿಡಿದಿದ್ದ.
"ಅವನನ್ನು ಬಿಡು," ಅಂದ ಅಪ್ಪ
ತಲೆ ಎತ್ತದೆ, ದೋಣಿಯ ನೀರು ಮೊಗೆಯುತ್ತ.

ಬಂಗಾಯಿ ದ್ವೀಪದ ಈ ಕೊಲ್ಲಿಯಲ್ಲಿ
ಎದೆಮಟ್ಟದ ನೀರೊಳಗೆ ಅವರ ಕೇರಿ.
ಹೆಬ್ಬೆರಳುದ್ದದ ಬೆಳ್ಳಿ ಮೈ,
ಮೂರು ಕಪ್ಪು ಪಟ್ಟೆ, ಒಂದು ನೇರ ಕಣ್ಣಿನ ಮೇಲೇ.
ರೆಕ್ಕೆಗೆ ಬಿಳಿ ಚುಕ್ಕೆ, ಯಾರೋ ಪುರುಸೊತ್ತಿನಲ್ಲಿ ಕೂತು
ಸೂಜಿಮೊನೆಯಿಂದ ಇಟ್ಟಷ್ಟು ಸಣ್ಣವು.
ಮನೆ ಮಾತ್ರ ಮುಳ್ಳುಚೆಂಡಿನ ನಡುವೆ.
ಕಾಲಿಟ್ಟರೆ ನಮಗೆ ವಾರಗಟ್ಟಲೆ ಕೀವು.
ಅವರೋ ಆ ಕರಿಮುಳ್ಳುಗಳ ಸಂದಿಯಲ್ಲಿ
ಹಿತ್ತಲಿಗೆ ಹೋಗಿ ಬಂದಂತೆ ಹೋಗಿ ಬರುತ್ತಾರೆ.

ಹೆಣ್ಣು ಒಪ್ಪಿಸುವುದು ಕಿತ್ತಳೆ ಬಣ್ಣದ ಒಂದು ಗೊಂಚಲು,
ಐವತ್ತೋ ಅರವತ್ತೋ ಮೊಟ್ಟೆ.
ಗಂಡು ಬಾಯಿಗೆ ಹಾಕಿಕೊಳ್ಳುತ್ತಾನೆ.
ನುಂಗುವುದಿಲ್ಲ.
ಇಪ್ಪತ್ತು ದಿನ ಮೊಟ್ಟೆ,
ಒಡೆದ ಮೇಲೂ ಹತ್ತು ದಿನ ಮರಿ.
ತಿಂಗಳಿಡೀ ಬಾಯಿಯೇ ಬಾಣಂತಿಕೋಣೆ.
ಮೂಗಿನ ಮುಂದೆಯೇ ಸೀಗಡಿಯ ಪುಡಿಮರಿಗಳು ಹಾಯುತ್ತವೆ,
ನೋಡುತ್ತಾನೆ,
ನೋಡಿ ಸುಮ್ಮನಾಗುತ್ತಾನೆ.
ಆಗಾಗ ತುಸು ತೆರೆದು, ಗೊಂಚಲು ಹೊರಳಿಸಿ,
ಹೊಸ ನೀರು ಸೋಕಿಸಿ, ಮತ್ತೆ ಮುಚ್ಚುತ್ತಾನೆ.
ಹೊಟ್ಟೆ ಬಾಯಿ ಕಟ್ಟಿ ಸಾಕಿದೆ ಎನ್ನುವವರು
ಒಮ್ಮೆ ಇಲ್ಲಿ ಬಂದು ಬಗ್ಗಿ ನೋಡಬೇಕು.

ಅಪ್ಪ ಬಿಡು ಅನ್ನುವುದು ಕರುಣೆಯಿಂದ ಅಂದುಕೊಂಡಿದ್ದೆ
ಹತ್ತು ವರ್ಷ ತುಂಬುವ ತನಕ.
ಆಮೇಲೆ ಲೆಕ್ಕ ತಿಳಿಯಿತು.
ಬಾಯಿ ತುಂಬಿದವನನ್ನು ದಾಯೆಂಗ್ ಮಸ್ಸಿಗಾ ಕೊಳ್ಳುವುದಿಲ್ಲ.
ಚೀಲಕ್ಕೆ ಆಕ್ಸಿಜನ್ ಊದಿ ರಬ್ಬರ್ ಬ್ಯಾಂಡ್ ಸುತ್ತುವಷ್ಟರಲ್ಲಿ
ಗಾಬರಿಗೆ ಎಲ್ಲವನ್ನೂ ಉಗುಳಿಬಿಡುತ್ತಾನೆ,
ನೀರು ಕೆಡುತ್ತದೆ, ಜೊತೆಗಿದ್ದವೂ ಸಾಯುತ್ತವೆ.
ಒಂದು ಮೀನಿಗೆ ಎರಡು ಬಾಳೆಹಣ್ಣಿನ ದುಡ್ಡು.
ಸತ್ತದ್ದು ನಮ್ಮ ಖಾತೆಗೆ.

ಇನ್ನೊಂದು ಮಾತು. ಬೇರೆ ಮೀನುಗಳ ಮರಿಗಳು
ಹುಟ್ಟಿದ್ದೇ ತಡ ಪ್ರವಾಹದ ಪಾಲು,
ಯಾವ ದಿಬ್ಬಕ್ಕೆ ತೇಲಿ ಯಾವ ಹವಳಕ್ಕೆ ಅಂಟುತ್ತವೋ.
ಇವು ಹಾಗಲ್ಲ. ಅಪ್ಪನ ಬಾಯಿಂದ ಇಳಿದು
ಪಕ್ಕದ ಮುಳ್ಳಿಗೆ ನಡೆಯುತ್ತವೆ, ಮುಗಿಯಿತು ಪ್ರಯಾಣ.
ಎದುರು ದ್ವೀಪ ಕೂಗಿದರೆ ಕೇಳುವಷ್ಟು ಹತ್ತಿರ,
ಆದರೂ ನಡುವಿನ ಆಳ ದಾಟುವುದಿಲ್ಲ.
ಅಲ್ಲಿಯವರ ರಕ್ತವೇ ಬೇರೆ ಅನ್ನುತ್ತಾರೆ
ಮೀನು ಅಳೆಯಲು ಬಂದ ಮಕಸ್ಸರಿನ ಹುಡುಗರು.
ನಾವು ಬಾಜೊಗಳು, ದೋಣಿಯಲ್ಲೇ ಹೆತ್ತವರು, ದೋಣಿಯಲ್ಲೇ ಹೂತದ್ದು ಬಿಟ್ಟು ಉಳಿದದ್ದೆಲ್ಲ ಮಾಡಿದವರು.
ಇಷ್ಟು ಹಟದಿಂದ ಒಂದೇ ಕಡೆ ಇರುವವರನ್ನು ಕಂಡರೆ
ನಗುವೂ ಬರುತ್ತದೆ, ಹೊಟ್ಟೆಕಿಚ್ಚೂ.

ಆ ಮುಳ್ಳೂ ಈಗ ಕಡಿಮೆ. ಒಡೆದು ತಿನ್ನುವವರು ಹೆಚ್ಚಾದರು.

ಹೋದ ವರ್ಷ ಜೆಟ್ಟಿಯ ಕೆಳಗೆ ಮುಖ ಮುಳುಗಿಸಿ ನೋಡಿದೆ.
ಒಬ್ಬ ಬಾಯಿ ತೆರೆದ. ಮರಿಗಳು ಒಂದೊಂದೇ
ಅಪ್ಪನದೇ ಪಟ್ಟೆ, ಅಪ್ಪನದೇ ಚುಕ್ಕೆ ತೊಟ್ಟು ಇಳಿದವು.
ಮುಳ್ಳಿಗೆ ಓಡದೆ ಒಂದು ಸುಮ್ಮನೆ ನಿಂತಿತು.
ಅದನ್ನು ಒಬ್ಬ ದೊಡ್ಡವನು ತಿಂದ.
ಗುಂಪಿನಲ್ಲಿ ಯಾರೆಂದು ಹೇಳಲಾರೆ,
ಬಹುಶಃ ಅವನೇ.
ಮೂವತ್ತು ದಿನದ ಹಸಿವು ಅದು.
ಬೈಯಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ಬಕೆಟ್ಟು ವಾಲಿಸಿದೆ.
ಅವನು ಅತ್ತಿತ್ತ ನೋಡಲಿಲ್ಲ,
ತನ್ನ ಮುಳ್ಳು ಯಾವುದೆಂದು ಗೊತ್ತಿದ್ದವನಂತೆ ಹೋದ.
"ಎಷ್ಟಾಯಿತು?" ಅಂದ ಅಪ್ಪ.
"ಹತ್ತು."
ರಾತ್ರಿ ಮರಗೆಣಸು, ಹುಳಿ ಸಾರು.
ಅಪ್ಪ ಮೂರು ಸಲ ಹಾಕಿಸಿಕೊಂಡು ಉಂಡು, ತೇಗಿ,
"ಆ ಗಂಡಿನ ಬಾಯಲ್ಲಿ ಎಷ್ಟಿದ್ದಾವು?" ಅಂತ ಕೇಳಿದ.
ಅಮ್ಮ ಬಲೆಯ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.
ನಕ್ಕಳು,
ಬಾಯಿ ತೆರೆಯದೆ.